ಗುಮ್ಮಟ ಜಾಮ್ ಆಗಿರಲಿಲ್ಲ

ಮೊದಲ ಚಿತ್ರ ಅಳಿಸಬೇಡಿ. ಈ ಕೆಲಸಕ್ಕೆ ಹೊಸದಾಗಿ ಬರುವ ಹುಡುಗರಿಗೂ ಹುಡುಗಿಯರಿಗೂ ನಾನು ಹೇಳಬೇಕಾದದ್ದು ಇಷ್ಟೇ. ಈಗಿನ ಯಂತ್ರಗಳು ನೀವು ಅಳಿಸು ಅಂದರೂ ಅಳಿಸುವುದಿಲ್ಲ, ಎಲ್ಲೋ ಒಂದು ಮೂಲೆಯಲ್ಲಿ ಇಟ್ಟುಕೊಂಡಿರುತ್ತವೆ, ಅದು ನನಗೂ ಗೊತ್ತು. ಆದರೂ ಹೇಳುತ್ತೇನೆ. ಯಾಕೆ ಅಂತ ಹೇಳುವುದಕ್ಕೆ ಇಷ್ಟು ಪುಟ ಬೇಕಾದವು. ಧೈರ್ಯ ಬರುವುದಕ್ಕೆ ಇಷ್ಟು ವರ್ಷ ಬೇಕಾದವು.

ನನ್ನ ಊರು ಸುರಪುರದ ಹತ್ತಿರದ ದೇವಾಪುರ. ಅಪ್ಪ, ಅವ್ವ ಇಬ್ಬರೂ ಮಂದಿಯ ಹೊಲದಲ್ಲಿ ದುಡಿದವರು. ನಮ್ಮ ಓಣಿಯಲ್ಲಿ ಡಿಗ್ರಿ ಪಾಸಾದ ಮೊದಲಿಗ ನಾನು. ಶಹಾಪುರದ ಹಾಸ್ಟೆಲ್ಲಿನಲ್ಲಿದ್ದು, ರಜೆಯಲ್ಲಿ ಹತ್ತಿ ಬಿಡಿಸಲು ಹೋಗಿ, ಒಂದೇ ಜೋಡಿ ಪ್ಯಾಂಟಿನಲ್ಲಿ ಎರಡು ವರ್ಷ ತೆಗೆದು, ಗಣಿತದಲ್ಲಿ ಒಮ್ಮೆ ಫೇಲಾಗಿ ಮತ್ತೆ ಕಟ್ಟಿ ಪಾಸಾದ ಬಿ.ಎಸ್ಸಿ. ಅದು. ಅವ್ವ ಶಹಾಪುರದ ಬಜಾರಿನಲ್ಲಿ ಒಂದು ಸ್ಟೀಲ್ ತಂಬಿಗೆ ಕೊಂಡು ಅದರ ಮೇಲೆ 'ದೇವಿಂದ್ರಪ್ಪ ಬಿ.ಎಸ್ಸಿ.' ಅಂತ ಕೊರೆಸಿದಳು. ಅವಳಿಗೆ ಓದಲು ಬರುತ್ತಿರಲಿಲ್ಲ. ಕೊರೆಯುವವನಿಗೆ, "ಹಿಂದಿನ ಆ ಮೂರು ಅಕ್ಷರ ಸಣ್ಣ ಮಾಡಬ್ಯಾಡ, ಹೆಸರಿನಷ್ಟೇ ದೊಡ್ಡದು ಮಾಡು" ಅಂದಿದ್ದಳಂತೆ. ಆ ತಂಬಿಗೆ ಇನ್ನೂ ನಮ್ಮ ಮನೆಯಲ್ಲಿದೆ. ನಾನೂ ಅಷ್ಟೇ, ಎಲ್ಲಿ ಸಹಿ ಮಾಡಿದರೂ ಹಿಂದೆ ಬಿ.ಎಸ್ಸಿ. ಸೇರಿಸುತ್ತಿದ್ದೆ. ಹಾಜರಿ ಪುಸ್ತಕದಲ್ಲಿ ಕೂಡ.

ಬೆಂಗಳೂರಿನ ಒಂದು ಸಂಶೋಧನಾ ಸಂಸ್ಥೆಯವರು ಶಹಾಪುರ ಮತ್ತು ಸುರಪುರದ ನಡುವಿನ ಒಂದು ಕಲ್ಲುಗುಡ್ಡದ ಮೇಲೆ ದೂರದರ್ಶಕ ಇಟ್ಟರು. ನಮ್ಮ ಕಡೆ ಮಳೆ ಕಮ್ಮಿ, ಮೋಡ ಕಮ್ಮಿ, ಊರ ದೀಪ ಕಮ್ಮಿ. ನಮ್ಮ ನಾಡಿಗೆ ಯಾವುದು ಇಲ್ಲವೆಂದು ನಾವು ಅಳುತ್ತಿದ್ದೆವೋ ಅದೇ ಅವರಿಗೆ ಬೇಕಾಗಿತ್ತು. ಅಲ್ಲಿ ವೀಕ್ಷಣಾ ಸಹಾಯಕನ ನೌಕರಿ ನನಗೆ ಸಿಕ್ಕಿತು. ಅಪ್ಪನಿಗೆ ಹೇಳಲು ಹೋದೆ.

"ಏನ್ ನೌಕರಿಪಾ?"

"ಚುಕ್ಕಿ ನೋಡೋದು."

"ಅದನ್ನ ನಾವು ದಿನಾ ಹೊರಸಿನ ಮ್ಯಾಲ ಬಿದ್ದು ಪುಕ್ಕಟ ನೋಡ್ತೀವಲ್ಲೋ! ಅದಕ್ಕ ಪಗಾರ ಕೊಡ್ತಾರ?"

"ಹೊಸ ಚುಕ್ಕಿ ಬಂದ್ರ ಹೇಳಬೇಕಪ್ಪ."

"ಹಳೇವೇ ಎಣಿಸಿ ಮುಗಿದಿಲ್ಲ," ಅಂದ ಅಪ್ಪ. ಆದರೆ ಆ ವಾರವೆಲ್ಲ ಸುರಪುರದ ಸಂತೆಯಲ್ಲಿ ಸಿಕ್ಕಸಿಕ್ಕವರಿಗೆಲ್ಲ, ನನ್ನ ಮಗ ಗುಡ್ಡದ ಮೇಲಿನ ದುರ್ಬೀನಿನ ಸಾಹೇಬ ಅಂತ ಹೇಳಿಕೊಂಡು ತಿರುಗಿದ.

ಕೆಲಸ ಏನೆಂದು ಹೇಳುತ್ತೇನೆ. ಬಹಳ ಬಹಳ ದೂರದಲ್ಲಿ ಒಂದು ದೊಡ್ಡ ನಕ್ಷತ್ರ ಕುಸಿದು ಸಾಯುವಾಗ, ಅಥವಾ ಸತ್ತ ಎರಡು ನಕ್ಷತ್ರಗಳು ಒಂದಕ್ಕೊಂದು ಬಡಿದಾಗ, ಗಾಮಾ ಕಿರಣಗಳು ಒಮ್ಮೆಲೇ ಚಿಮ್ಮುತ್ತವೆ. ಕೆಲವು ಸೆಕೆಂಡು, ಹೆಚ್ಚೆಂದರೆ ಕೆಲವು ನಿಮಿಷ. ಆ ಕಿರಣ ನೆಲದವರೆಗೆ ಬರುವುದಿಲ್ಲ, ಗಾಳಿಯೇ ತಡೆಯುತ್ತದೆ. ಮೇಲೆ ಸುತ್ತುವ ಉಪಗ್ರಹ ಅದನ್ನು ಹಿಡಿದು, ಆಕಾಶದ ಇಂಥ ಕಡೆ ಅಂತ ಕೆಳಗಿನವರಿಗೆಲ್ಲ ಸುದ್ದಿ ಕಳಿಸುತ್ತದೆ. ಸ್ಫೋಟದ ಹಿಂದೆಯೇ ಕಣ್ಣಿಗೆ ಕಾಣುವ ಜಾತಿಯ ಬೆಳಕೂ ಸ್ವಲ್ಪ ಹೊತ್ತು ಬರುತ್ತದೆ. ಅದನ್ನು ಹಿಡಿಯುವುದು ನಮ್ಮ ಕೆಲಸ. ಹಿಡಿದರೆ ಅದು ಎಷ್ಟು ದೂರದ್ದು, ಎಂಥದ್ದು ಅಂತ ತಿಳಿಯಬಹುದು. ತಡವಾದರೆ ಇಲ್ಲ. ಒಲೆಯ ಕೆಂಡದ ಹಾಗೆ, ಮೊದಲು ಜೋರು, ಆಮೇಲೆ ಮಂಕು, ಆಮೇಲೆ ಬೂದಿ. ದೂರದರ್ಶಕಕ್ಕೆ ಕ್ಯಾಮೆರಾ ಕಟ್ಟಿ ಒಂದರ ಹಿಂದೆ ಒಂದು ಚಿತ್ರ ತೆಗೆದು, ಆಕಾಶದ ಹಳೇ ಚಿತ್ರದ ಪಕ್ಕ ಇಟ್ಟು, ಅದರಲ್ಲಿ ಇಲ್ಲದ ಚುಕ್ಕಿ ಇದರಲ್ಲಿ ಇದೆಯೇ ಅಂತ ನೋಡಬೇಕು.

ಮೊದಮೊದಲು ಸುದ್ದಿ ಫ್ಯಾಕ್ಸಿನಲ್ಲಿ ಬರುತ್ತಿತ್ತು. ಬರುವಷ್ಟರಲ್ಲಿ ಹಗಲಾಗಿರುತ್ತಿತ್ತು. ಅದರಲ್ಲಿ ಕೊಟ್ಟ ಜಾಗವೂ ಅಷ್ಟೇ, ಶಹಾಪುರ ತಾಲೂಕಿನಲ್ಲಿ ಒಬ್ಬ ಕಳ್ಳ ಇದ್ದಾನೆ ಹಿಡಿಯಿರಿ ಅಂದ ಹಾಗೆ. ಆಮೇಲೆ ಹೊಸ ಉಪಗ್ರಹ ಬಂತು, ಮೊಬೈಲೂ ಬಂತು. ಕಳ್ಳನ ಓಣಿ, ಮನೆ ನಂಬರು ಸಮೇತ ಒಂದು ನಿಮಿಷದೊಳಗೆ ಮೆಸೇಜು ಬರತೊಡಗಿತು. ಆದರೆ ಮೊಬೈಲಿಗೆ ಸಿಗ್ನಲ್ ಸಿಗುತ್ತಿದ್ದುದು ಗುಡ್ಡದ ಅಂಚಿನ ಒಂದು ಬಂಡೆಯ ಮೇಲೆ ಮಾತ್ರ. ಅದಕ್ಕೆ 'ಮಾತಾಡೋ ಕಲ್ಲು' ಅಂತ ಹೆಸರಿಟ್ಟವನು ಮರೆಪ್ಪ. ವೀಕ್ಷಣೆ ನಡೆಯುವ ರಾತ್ರಿ ಯಾರಾದರೂ ಒಬ್ಬರು ಕಂಬಳಿ ಹೊದ್ದು ಆ ಕಲ್ಲಿನ ಮೇಲೆ ಕೂತಿರಬೇಕು. ಮೆಸೇಜು ಬಂದರೆ ಅಲ್ಲಿಂದಲೇ ಜಾಗದ ಅಂಕಿಗಳನ್ನು ಕೂಗಬೇಕು.

ಮರೆಪ್ಪನ ಬಗ್ಗೆ ಹೇಳಬೇಕು. ನಮ್ಮ ಓಣಿಯವನೇ, ನನಗಿಂತ ಎಂಟ್ಹತ್ತು ವರ್ಷಕ್ಕೆ ದೊಡ್ಡವನು. ನಾಲ್ಕನೇ ಇಯತ್ತೆ ಓದಿ ಬಿಟ್ಟವನು. ಗುಮ್ಮಟ ತಿರುಗಿಸಲು ದಿನಗೂಲಿ ಆಳು ಬೇಕು ಅಂದಾಗ ನಾನೇ ಹೇಳಿ ಸೇರಿಸಿದ್ದೆ. ದೂರದರ್ಶಕದ ಮೇಲಿನ ಕಬ್ಬಿಣದ ಗುಮ್ಮಟದಲ್ಲಿ ಒಂದು ಸೀಳು ಇರುತ್ತದೆ. ದೂರದರ್ಶಕ ಯಾವ ಕಡೆ ನೋಡುತ್ತದೋ ಆ ಕಡೆಗೆ ಆ ಸೀಳು ಬರುವ ಹಾಗೆ ಗುಮ್ಮಟವನ್ನು ತಿರುಗಿಸಬೇಕು. ನಮ್ಮದು ಕೈಯಿಂದ ಸರಪಳಿ ಎಳೆದು ತಿರುಗಿಸುವ ಗುಮ್ಮಟ. ಕೆಳಗೆ ಹಳಿ, ಹಳಿಯ ಮೇಲೆ ಹನ್ನೆರಡು ಗಾಲಿ. ಮರೆಪ್ಪನಿಗೆ ಆ ಹನ್ನೆರಡರ ದನಿಯೂ ಗೊತ್ತು.

"ಆರನೇ ಗಾಲಿ ಕೆಮ್ಮಾಕತ್ತದ್ರಿ ಸರ. ನಾಳಿಗೆ ಜ್ವರಾ ಬರ್ತದ. ಸಂಜಿಗೇ ಎಣ್ಣಿ ಕುಡಿಸ್ತೀನಿ," ಅನ್ನುತ್ತಿದ್ದ.

ನನಗೆ ಎಲ್ಲ ಗಾಲಿಯೂ ಒಂದೇ ಥರ ಕೇಳುತ್ತಿದ್ದವು. ದಿನಾ ಸಂಜೆ ಐದಕ್ಕೆ ಎಣ್ಣೆಯ ಡಬ್ಬಿ ಹಿಡಿದು ಒಂದು ಸುತ್ತು ಬರುವನು. ಬರದ ದಿನವನ್ನು ನಾನು ಕಾಣಲಿಲ್ಲ. ದೇವಾಪುರದಿಂದ ಇಬ್ಬರೂ ಒಂದೇ ಬಸ್ಸಿಗೆ ಬರುತ್ತಿದ್ದೆವು. ಗುಡ್ಡ ಹತ್ತುವವರೆಗೆ ನಾನು ಅವನಿಗೆ 'ತಮ್ಮಾ', ಅವನು ನನಗೆ 'ಅಣ್ಣಾ'. ಗೇಟು ದಾಟಿದ ಕೂಡಲೇ ನಾನು 'ಸರ', ಅವನು ಬರೇ 'ಮರೆಪ್ಪ'. ಹಾಗೆ ಅಂತ ಯಾರೂ ಮಾತಾಡಿ ಗೊತ್ತು ಮಾಡಿದ್ದಲ್ಲ. ಅವನೇ ಶುರು ಮಾಡಿದ, ನಾನು ಬೇಡ ಅನ್ನಲಿಲ್ಲ.

ಕೇಂದ್ರದ ಮುಖ್ಯಸ್ಥರನ್ನು ನಾವು ಡಾಕ್ಟರ್ ಸಾಹೇಬ್ರು ಅಂತಿದ್ದೆವು. ಮೈಸೂರು ಕಡೆಯವರು, ಮೆತ್ತಗೆ ಮಾತಾಡುವವರು. ಬೈದರೆ ಸಂಜೆಯವರೆಗೆ ಗೊತ್ತೇ ಆಗುತ್ತಿರಲಿಲ್ಲ. ಅವರು ನನಗೆ ಎರಡು ನಿಯಮ ಕಲಿಸಿದರು.

ಒಂದು, ಲಾಗ್ ಬುಕ್ಕಿನದು. ರಾತ್ರಿ ಏನೇನು ಮಾಡಿದೆವು ಅಂತ ಬರೆಯುವ ಪುಸ್ತಕ ಅದು. ಅದರಲ್ಲಿ ತಪ್ಪು ಬರೆದರೆ ಅಳಿಸಬಾರದು, ಹಾಳೆ ಹರಿಯಬಾರದು. ತಪ್ಪಿನ ಮೇಲೆ ಒಂದೇ ಗೆರೆ ಎಳೆಯಬೇಕು, ಕೆಳಗಿನ ತಪ್ಪು ಓದಲು ಬರುತ್ತಿರಬೇಕು. ಪಕ್ಕದಲ್ಲಿ ಸರಿಯಾದದ್ದು ಬರೆದು ಸಹಿ ಮಾಡಬೇಕು.

ಇನ್ನೊಂದು, ಮೊದಲ ಚಿತ್ರದ್ದು. ನಮ್ಮ ದೂರದರ್ಶಕವನ್ನು ಜೋರಾಗಿ ತಿರುಗಿಸಿ ನಿಲ್ಲಿಸಿದರೆ, ಓಡುವ ಎತ್ತಿನಗಾಡಿಯನ್ನು ಗಕ್ಕನೆ ನಿಲ್ಲಿಸಿದ ಹಾಗೆ, ಒಂದಿಷ್ಟು ಹೊತ್ತು ಅಲುಗುತ್ತಿತ್ತು. ಆ ಹೊತ್ತಿನಲ್ಲಿ ತೆಗೆದ ಚಿತ್ರದಲ್ಲಿ ಚುಕ್ಕಿಗಳೆಲ್ಲ ಗೀರುಗೀರಾಗಿ ಬರುತ್ತಿದ್ದವು. ಆಗಿನ ಕಂಪ್ಯೂಟರಿನಲ್ಲಿ ಜಾಗವೂ ಕಮ್ಮಿ. ಒಂದು ಚಿತ್ರ ಬಂದ ಮೇಲೆ, ಇಡಲೋ ಬೇಡವೋ ಅಂತ ಅದು ಕೇಳುವುದು. ಬೇಡ ಅಂದರೆ ಹೋಯಿತು, ಹುಡುಕಿದರೂ ಸಿಗುವುದಿಲ್ಲ.

"ಬೋರಿನ ಮೊದಲ ನೀರು ಕುಡೀತೀರಾ ದೇವೇಂದ್ರಪ್ಪ? ಚೆಲ್ಲಿಬಿಡ್ತೀರಿ ತಾನೇ? ಇದೂ ಹಾಗೇ," ಅಂದಿದ್ದರು ಸಾಹೇಬ್ರು.

ಸಾಹೇಬ್ರು ಹೇಳಿದ್ದು ನನಗೆ ವೇದವಾಗಿತ್ತು. ಹಗಲಲ್ಲಿ ಕ್ಯಾಮೆರಾ ಪರೀಕ್ಷೆ ಮಾಡುವಾಗಲೂ ಮೊದಲ ಚಿತ್ರ ಚೆಲ್ಲುತ್ತಿದ್ದೆ. ಬೆರಳಿಗೆ ಎಷ್ಟು ರೂಢಿಯಾಯಿತೆಂದರೆ ತಲೆಯನ್ನು ಕೇಳದೆ ತಾನೇ ಒತ್ತುತ್ತಿತ್ತು.

ತಪ್ಪು ಮಾಡಿ ಒಪ್ಪಿಕೊಂಡದ್ದೂ ಉಂಟು. ಒಂದು ಸಲ ಹಳೇ ಚಿತ್ರದಲ್ಲಿ ಇಲ್ಲದ ಚುಕ್ಕಿಯೊಂದು ನಮ್ಮ ಚಿತ್ರದಲ್ಲಿ ಕಂಡಿತು. ನಾನು ಕುಣಿದಾಡಿ, ಸಾಹೇಬ್ರನ್ನು ನಿದ್ದೆಯಿಂದ ಎಬ್ಬಿಸಿ, ಜಗತ್ತಿಗೆಲ್ಲ ಸುದ್ದಿ ಕಳಿಸುವಂತೆ ಮಾಡಿದೆ. ಮರುದಿನ ಅವರು ಎರಡು ಚಿತ್ರ ಪಕ್ಕಪಕ್ಕ ಇಟ್ಟುಕೊಂಡು ಕರೆದರು.

"ದೇವೇಂದ್ರಪ್ಪ, ನಿಮ್ಮ ಸ್ಫೋಟ ನಡ್ಕೊಂಡು ಹೋಗ್ತಾ ಇದೆ."

ನೋಡಿದರೆ ಖರೇ, ಚುಕ್ಕಿ ಜಾಗ ಬದಲಿಸಿತ್ತು. ಅದೊಂದು ಕ್ಷುದ್ರಗ್ರಹ, ಆ ದಾರಿಯಲ್ಲಿ ತನ್ನ ಪಾಡಿಗೆ ಹೊರಟಿತ್ತು. ತಪ್ಪಾಯಿತು ಅಂತ ಮತ್ತೆ ಜಗತ್ತಿಗೆಲ್ಲ ತಿಳಿಸಬೇಕಾಯಿತು. ಬಸ್ಸಿನಲ್ಲಿ ಮರೆಪ್ಪ ನಗುತ್ತಾ, "ಚಿಂತಿ ಮಾಡಬ್ಯಾಡ ತಮ್ಮಾ, ನಮ್ಮ ಓಣ್ಯಾಗಿನ ಮಂದಿ ಇನ್ನೂ ಆ ಸುದ್ದಿ ಓದಿಲ್ಲ" ಅಂದ. ಲಾಗ್ ಬುಕ್ಕಿನಲ್ಲಿ ಗೆರೆ ಎಳೆದು, ಕ್ಷುದ್ರಗ್ರಹ ಅಂತ ಬರೆದು, ಬಿ.ಎಸ್ಸಿ. ಸಮೇತ ಸಹಿ ಮಾಡಿದೆ. ಅವತ್ತು ಆಡಿದ ಕೈ ಮುಂದೊಂದು ದಿನ ಯಾಕೆ ಆಡಲಿಲ್ಲ ಅಂತ ಈಗಲೂ ಯೋಚಿಸುತ್ತೇನೆ. ಆಗ ನಾನು ಹೊಸಬ. ತಪ್ಪು ಮಾಡುವ ಹಕ್ಕು ಹೊಸಬನಿಗೆ ಇರುತ್ತದೆ. ಹಳಬನಾದ ಮೇಲೆ ಹೆಸರು ಬರುತ್ತದೆ, ಆ ಹಕ್ಕು ಹೋಗುತ್ತದೆ.

ಕಾಲುವೆ ನೀರು ಬಂದ ಮೇಲೆ ಸುತ್ತಲ ಜೋಳದ ಹೊಲಗಳು ಗದ್ದೆಯಾದವು. ಜನಕ್ಕೆ ಒಳ್ಳೆಯದಾಯಿತು, ನಮಗೆ ತ್ರಾಸಾಯಿತು. ಬೆಳಗಿನ ಜಾವ ಗದ್ದೆಯಿಂದ ಮಂಜು ಎದ್ದು ಕನ್ನಡಿಯ ಮೇಲೆ ಕೂಡುವುದು. ಶಹಾಪುರದ ದಾರಿಯಲ್ಲಿ ಅಕ್ಕಿ ಮಿಲ್ಲುಗಳು ಎದ್ದವು, ರಾತ್ರಿಯಿಡೀ ದೊಡ್ಡ ದೊಡ್ಡ ದೀಪ. ಒಂದು ಮಿಲ್ಲಿನ ಮಾಲೀಕರ ಹತ್ತಿರ ಹೋಗಿ, ದೀಪದ ಮುಖ ಸ್ವಲ್ಪ ಕೆಳಗೆ ಮಾಡಿಸಿರಿ, ಚುಕ್ಕಿ ಕಾಣಿಸೋದಿಲ್ಲ ಅಂದೆ.

"ಚುಕ್ಕಿ ಕಾಣಲಿಲ್ಲಂದ್ರ ನಿಮಗ ಪಗಾರ ಬರ್ತದೋ ಇಲ್ಲೋ?" ಅಂದರು ಅವರು.

"ಬರ್ತದ್ರಿ."

"ಮತ್ತ ಯಾಕ ತಲಿ ಕೆಡಿಸ್ಕೋತೀರಿ ಸಾಹೇಬ್ರ? ಚಾ ಕುಡೀರಿ."

ಚಹಾ ಕುಡಿಸಿಯೇ ಕಳಿಸಿದರು. ಆದರೆ ಎಂಟು ದಿನದ ಮೇಲೆ ದೀಪಕ್ಕೆ ತಗಡಿನ ಟೋಪಿ ಬಂದಿತ್ತು. ಮನುಷ್ಯರ ಬಗ್ಗೆ ಜಲ್ದಿ ತೀರ್ಮಾನ ಮಾಡಬಾರದು.

ಈಗ ಸುನಂದಾ. ಯಾದಗಿರಿಯ ಹುಡುಗಿ, ಅಪ್ಪ ಸ್ಟೇಶನ್ನಿನ ಹತ್ತಿರ ಬಟ್ಟೆ ಹೊಲಿಯುವವರು. ಅವರ ಮನೆಗೂ ಅವಳೇ ಮೊದಲ ಡಿಗ್ರಿ. ಎಂ.ಎಸ್ಸಿ. ಮುಗಿಸಿ ಪಿಎಚ್.ಡಿ. ಮಾಡಲು ನಮ್ಮ ಕೇಂದ್ರಕ್ಕೆ ಬಂದಳು. ಅವಳಿಗೆ ಬೇಕಾಗಿದ್ದುದು ಒಂದೇ ಪ್ರಶ್ನೆಗೆ ಉತ್ತರ. ಸ್ಫೋಟದ ಹಿಂದೆ ಬರುವ ಆ ಬೆಳಕು ಹುಟ್ಟಿದ ಕೂಡಲೇ ಇಳಿಯಲು ಶುರು ಮಾಡುತ್ತದೋ, ಅಥವಾ ಮೊದಲು ಏರಿ ಆಮೇಲೆ ಇಳಿಯುತ್ತದೋ? ಏರುವುದನ್ನು ಹಿಡಿದರೆ, ಆ ಸ್ಫೋಟ ಎಷ್ಟು ವೇಗದಲ್ಲಿ ನುಗ್ಗಿತು ಅಂತ ಲೆಕ್ಕ ಹಾಕಬಹುದು. ಆದರೆ ಏರುವುದೇನಿದ್ದರೂ ಮೊದಲ ಒಂದೆರಡು ನಿಮಿಷದಲ್ಲಿ. ಅಷ್ಟು ಬೇಗ ಹಿಡಿದ ಒಂದು ಸ್ಫೋಟ ಸಿಕ್ಕರೆ ಸಾಕು, ಅವಳ ಪ್ರಬಂಧ ನಿಲ್ಲುತ್ತಿತ್ತು. ಎರಡು ವರ್ಷ ಕಾದಿದ್ದಳು. ಕೆಲವು ಸಲ ಮೋಡ, ಕೆಲವು ಸಲ ಹಗಲು, ಕೆಲವು ಸಲ ಸ್ಫೋಟ ನಮ್ಮ ದಿಗಂತದ ಕೆಳಗೆ. ಮನೆಯಲ್ಲಿ ಮದುವೆಯ ಮಾತು ನಡೆದಿತ್ತು. ಆ ವರ್ಷ ಸಿಗದಿದ್ದರೆ ವಿಷಯ ಬದಲಿಸಬೇಕು ಅಂತ ಸಾಹೇಬ್ರೂ ಹೇಳಿಬಿಟ್ಟಿದ್ದರು.

ಒಂದು ದಿನ ಮಧ್ಯಾಹ್ನ ಊಟಕ್ಕೆ ಕೂತಾಗ ಅವಳು ಕೇಳಿದಳು:

"ಸರ, ಮೊದಲ ಚಿತ್ರ ಯಾಕ ಚೆಲ್ತೀರಿ?"

"ಗೀರು ಬಂದಿರ್ತದವ್ವಾ. ಉಪಯೋಗಿಲ್ಲ."

"ಗೀರು ಬಂದ್ರೂ ಬೆಳಕು ಅಷ್ಟೇ ಇರ್ತದಲ್ರಿ? ಉದ್ದಕ್ಕ ಹರಡಿರ್ತದ, ಅಷ್ಟೇ. ಕೂಡಿಸಿ ತೆಗೀಬಹುದು. ಇನ್ನ ಮುಂದ ಇಡ್ರಿ."

ಮಾತು ಸರಿಯಾಗಿತ್ತು. ಊಟ ಬಡಿಸುತ್ತಿದ್ದ ಮರೆಪ್ಪನೂ, "ಹೌದಲ್ರಿ, ಹಿಟ್ಟು ಚೆಲ್ಲಿದ್ರೂ ಬಳಕೊಂಡು ರೊಟ್ಟಿ ಬಡೀತಾರ" ಅಂದ. ಇಬ್ಬರೂ ನಕ್ಕರು. ನನಗೆ ಸಿಟ್ಟು ಬಂತು. ಇಪ್ಪತ್ತು ವರ್ಷದ ಅನುಭವ ನನ್ನದು, ನಿನ್ನೆ ಬಂದವಳು ಹೇಳುತ್ತಾಳೆ, ನಾಲ್ಕನೇ ಇಯತ್ತೆಯವನು ಹೌದು ಅನ್ನುತ್ತಾನೆ. "ನೋಡೋಣ" ಅಂದು ಕೈ ತೊಳೆದೆ. ನಿಯಮ ಬದಲಾಯಿತು ಅಂತ ಒಂದು ಚೀಟಿ ಬರೆದು ಕಂಪ್ಯೂಟರಿಗೆ ಅಂಟಿಸಿದ್ದರೆ ಆಗುತ್ತಿತ್ತು. ಅಂಟಿಸಲಿಲ್ಲ.

ಆ ದಿನ ಬಂತು. ದೀಪಾವಳಿ ಮುಗಿದಿತ್ತು, ಗದ್ದೆಯಾಗದೆ ಉಳಿದ ಹೊಲಗಳಲ್ಲಿ ಹಿಂಗಾರಿ ಜೋಳ ಮೊಳಕಾಲೆತ್ತರ ಬಂದಿತ್ತು. ಆಕಾಶ ತೊಳೆದಿಟ್ಟ ಹಾಗಿತ್ತು. ಊಟ ಮುಗಿಸಿ ಆಗಷ್ಟೇ ಕೂತಿದ್ದೆ. ಮಾತಾಡೋ ಕಲ್ಲಿನ ಪಾಳಿ ಸುನಂದಾಳದು. ಒಮ್ಮೆಲೇ ಅವಳ ಕೂಗು ಕೇಳಿತು.

"ಬಂತ್ರೀ ಸರ! ಬಂತು! ಬರಕೋರಿ!"

ಅಂಕಿ ಕೂಗಿದಳು, ನಾನು ಬರೆದುಕೊಂಡೆ. ನಡುನೆತ್ತಿಗೆ ಹತ್ತಿರ, ಇದಕ್ಕಿಂತ ಒಳ್ಳೆಯ ಜಾಗ ಇಲ್ಲ. ದೂರದರ್ಶಕ ತಿರುಗಿಸಿದೆ. ಮೇಲೆ ಮರೆಪ್ಪ ಸರಪಳಿ ಎಳೆದ. ಗುಮ್ಮಟ ಬೆಣ್ಣೆಯ ಹಾಗೆ ಜಾರಿ ಬಂದು ನಿಂತಿತು. "ಆತ್ರೀ ಸರ!" ಅಂದ. ಚಿತ್ರ ತೆಗೆದೆ. ಪರದೆಯ ಮೇಲೆ ಮೂಡಿತು, ಗೀರು ಗೀರು. ಇಡಲೋ ಬೇಡವೋ ಅಂತ ಕಂಪ್ಯೂಟರ್ ಕೇಳಿತು.

ಬೆರಳು ಒತ್ತಿತು. ಬೇಡ.

ಒತ್ತಿದ ಮೇಲೆ ಗೊತ್ತಾಯಿತು. ಎರಡನೆಯದು ತೆಗೆದೆ, ಮೂರನೆಯದು ತೆಗೆದೆ. ಎರಡನೆಯದರಲ್ಲಿ ಹಳೇ ಚಿತ್ರದಲ್ಲಿ ಇಲ್ಲದ ಚುಕ್ಕಿ ಢಾಳಾಗಿ ಕೂತಿತ್ತು. ಮೂರನೆಯದರಲ್ಲಿ ಸ್ವಲ್ಪ ಮಂಕು. ನಾಲ್ಕನೆಯದರಲ್ಲಿ ಇನ್ನೂ ಮಂಕು. ಇಳಿಯುತ್ತಿತ್ತು. ಅದಕ್ಕೂ ಮೊದಲು ಏರುತ್ತಿತ್ತೇ ಅಂತ ಹೇಳಬಲ್ಲ ಚಿತ್ರ ಒಂದೇ ಇತ್ತು.

ಸುನಂದಾ ಬರಿಗಾಲಲ್ಲಿ ಓಡಿ ಬಂದಳು. ಚಪ್ಪಲಿ ಕಲ್ಲಿನ ಹತ್ತಿರವೇ ಬಿಟ್ಟಿದ್ದಳು.

"ಸಿಕ್ತೇನ್ರಿ?"

"ಸಿಕ್ತು."

ಚಪ್ಪಾಳೆ ಹೊಡೆದಳು. ಪರದೆ ನೋಡಿದಳು. ಆಮೇಲೆ ಕೇಳಿದಳು:

"ಮೊದಲನೇದು ಇಟ್ಟೀರಲ್ರಿ ಸರ?"

ಆಗ ನಾನು ಅಂದೆ: "ಮೊದಲನೇದು ತೆಗಿಯಾಕೇ ಆಗಲಿಲ್ಲವ್ವಾ. ಗುಮ್ಮಟ ಜಾಮ್ ಆಗಿತ್ತು."

ಯೋಚನೆ ಮಾಡಿ ಹೇಳಿದ್ದಲ್ಲ. ಬೆರಳಿನ ಹಾಗೇ ನಾಲಿಗೆಯೂ ತಾನಾಗಿ ಆಡಿತು. ಆದರೆ ಬೆರಳಿನದು ರೂಢಿ, ನಾಲಿಗೆಯದು ರೂಢಿಯಲ್ಲ. ಅವಳು ಅಲ್ಲೇ ಕುರ್ಚಿಯ ತೋಳು ಹಿಡಿದು ನಿಂತಳು. ಅಳಲಿಲ್ಲ. "ಇರ್ಲಿ ಬಿಡ್ರಿ ಸರ, ನಿಮ್ಮದೇನೈತಿ ಅದರಾಗ," ಅಂದಳು. ಅವಳು ಬೈದಿದ್ದರೆ ಬಾಯಿ ಬಿಡುತ್ತಿದ್ದೆನೇನೋ. ಸಮಾಧಾನ ಹೇಳಿದಳು.

ಬೆಳಗಾಗುವ ಮೊದಲು ಲಾಗ್ ಬುಕ್ಕು ತೆರೆದೆ. ಅದನ್ನು ಇಂಗ್ಲಿಷಿನಲ್ಲಿ ಬರೆಯುವ ಪದ್ಧತಿ. ನನ್ನ ಇಂಗ್ಲಿಷ್ ಅಕ್ಷರ ಅಚ್ಚು ಹಾಕಿದ ಹಾಗಿದೆ ಅಂತ ಸಾಹೇಬ್ರು ನಾಲ್ಕು ಮಂದಿಗೆ ತೋರಿಸುತ್ತಿದ್ದರು. ಆ ಅಕ್ಷರದಲ್ಲೇ, ಗುಮ್ಮಟ ಜಾಮ್ ಆದುದರಿಂದ ಮೊದಲ ಚಿತ್ರ ತೆಗೆಯಲಾಗಲಿಲ್ಲ ಅಂತ ಬರೆದು ಸಹಿ ಮಾಡಿದೆ. ಮರೆಪ್ಪ ಮೇಲಿಂದ ಇಳಿದು ಬಂದು ಚಹಾಕ್ಕೆ ನೀರಿಟ್ಟ. ಪುಸ್ತಕ ಅವನ ಕಣ್ಣೆದುರೇ ಬಿಚ್ಚಿತ್ತು. ಅವನಿಗೆ ಇಂಗ್ಲಿಷ್ ಓದಲು ಬರುವುದಿಲ್ಲವಲ್ಲ ಅಂತ ನಾನು ಮುಚ್ಚಲೂ ಇಲ್ಲ.

ಎರಡು ದಿನದ ಮೇಲೆ ಸಾಹೇಬ್ರು ಕರೆದರು.

"ಎಷ್ಟು ಹೊತ್ತು ಜಾಮ್ ಆಗಿತ್ತು ದೇವೇಂದ್ರಪ್ಪ?"

"ಒಂದು ನಿಮಿಷ ಇರಬಹುದು ಸರ್."

"ಹಿಂದೆ ಯಾವತ್ತೂ ಆಗಿರಲಿಲ್ಲ, ಅಲ್ವಾ? ಎಣ್ಣೆ ಸರಿಯಾಗಿ ಹಾಕ್ತಾ ಇದ್ದಾನಾ ಅವನು?"

ನಾನು ಸುಮ್ಮನೆ ನಿಂತೆ. ಹಾಕ್ತಾನೆ ಅನ್ನಲಿಲ್ಲ, ಇಲ್ಲ ಅಂತಲೂ ಅನ್ನಲಿಲ್ಲ. ಸುಮ್ಮನಿರುವುದೂ ಒಂದು ಉತ್ತರ ಅಂತ ಸಾಹೇಬ್ರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ನನ್ನ ಆ ಒಂದು ಸಾಲನ್ನು ಆಧಾರ ಮಾಡಿಕೊಂಡು ಸಾಹೇಬ್ರು ಬೆಂಗಳೂರಿಗೆ ಬರೆದರು. ಕೈಗುಮ್ಮಟದಿಂದ ಕೆಲಸ ಕೆಡುತ್ತಿದೆ, ಮೋಟಾರು ಬೇಕು ಅಂತ. ಎಷ್ಟೋ ವರ್ಷದಿಂದ ಕೇಳಿದರೂ ಬಾರದ ಮೋಟಾರು ಬೇಸಿಗೆಯ ಹೊತ್ತಿಗೆ ಬಂತು. ಒಂದು ಸಣ್ಣ ಸಮಾರಂಭವೂ ಆಯಿತು. ದೇವೇಂದ್ರಪ್ಪನವರು ನಿಷ್ಠೆಯಿಂದ ಬರೆದಿಟ್ಟ ದಾಖಲೆಯಿಂದಲೇ ಇದು ಸಾಧ್ಯವಾಯಿತು ಅಂತ ಸಾಹೇಬ್ರು ಮಾತಾಡಿದರು. ಶಾಲು ಹೊದಿಸಿದರು. ಮೋಟಾರು ಬಂದ ಮೇಲೆ ಸರಪಳಿ ಎಳೆಯುವವನು ಯಾಕೆ? ಮುಂದಿನ ತಿಂಗಳಿಂದ ಬರಬೇಡ ಅಂತ ಮರೆಪ್ಪನಿಗೆ ಹೇಳುವ ಕೆಲಸವನ್ನೂ ನನಗೇ ವಹಿಸಿದರು, ನಿಮ್ಮೂರವನಲ್ವಾ ಅಂತ.

ಅವನ ಹೆಸರು ಖಾಯಂ ಮಾಡುವ ಪಟ್ಟಿಯಲ್ಲಿ ಇತ್ತು. ಅದನ್ನೂ ಹೇಳಿಬಿಡಬೇಕು.

ಹೇಳಿದೆ. ಮರೆಪ್ಪ ಕೇಳಿಸಿಕೊಂಡ. ಒಳಗೆ ಹೋಗಿ ಎಣ್ಣೆಯ ಡಬ್ಬಿ ಒರೆಸಿ ತಂದು ನನ್ನ ಮೇಜಿನ ಮೇಲಿಟ್ಟ.

"ಇಲ್ಲಿಟ್ಟೀನ್ರಿ ಸರ. ಮೋಟಾರಿಗೂ ಬೇಕಾಗ್ತದ."

ಗುಡ್ಡ ಇಳಿಯುವಾಗ ಅವತ್ತು ನಾನು ಅವನ ಜೊತೆ ಹೋಗಲಿಲ್ಲ. ಕೆಲಸ ಇದೆ ಅಂತ ಹೇಳಿ ಮುಂದಿನ ಬಸ್ಸಿಗೆ ಹೋದೆ.

ಮೋಟಾರು ಮೊದಲ ಮಳೆಗಾಲಕ್ಕೇ ನಿಂತಿತು. ಆಮೇಲೆ ಖರೇನೇ ಗುಮ್ಮಟ ಎಷ್ಟು ಸಲ ಜಾಮ್ ಆಯಿತು ಅಂತ ಲೆಕ್ಕವಿಲ್ಲ. ನಾನೂ ಹೊಸ ಹುಡುಗರೂ ಭುಜ ಕೊಟ್ಟು ದಬ್ಬುವಾಗ ಗಾಲಿಗಳು ಕಿರುಗುಟ್ಟುತ್ತಿದ್ದವು. ಆಗ ನನಗೂ ಆರನೆಯ ಗಾಲಿಯ ದನಿ ಬೇರೆ ಅಂತ ಗೊತ್ತಾಗತೊಡಗಿತು.

ಸುನಂದಾ ಇನ್ನೂ ಒಂದು ವರ್ಷ ಕಾದಳು. ಅಂಥ ಇನ್ನೊಂದು ಸ್ಫೋಟ ನಮ್ಮ ಆಕಾಶಕ್ಕೆ ಬರಲಿಲ್ಲ. ವಿಷಯ ಬದಲಿಸಿ, ಮಿಣುಕುವ ನಕ್ಷತ್ರಗಳ ಮೇಲೆ ಪ್ರಬಂಧ ಬರೆದಳು. ಈಗ ಯಾದಗಿರಿಯಲ್ಲಿ ಕಾಲೇಜಿನಲ್ಲಿ ಪಾಠ ಮಾಡುತ್ತಾಳೆ. ಮಕ್ಕಳು ಅವಳ ಪಾಠ ಅಂದರೆ ಜೀವ ಬಿಡುತ್ತಾರಂತೆ. ಅಷ್ಟಾದರೂ ಇದೆ.

ನಾನು ನಿವೃತ್ತನಾಗಿ ಶಹಾಪುರದಲ್ಲಿ ಮನೆ ಮಾಡಿದೆ. ಈಗ ಗುಡ್ಡದ ಮೇಲೆ ಎಲ್ಲ ತಾನೇ ನಡೆಯುತ್ತದೆ. ಉಪಗ್ರಹದ ಸುದ್ದಿ ನೇರ ಕಂಪ್ಯೂಟರಿಗೆ ಬರುತ್ತದೆ, ಮನುಷ್ಯರು ಬೆಳಿಗ್ಗೆ ಎದ್ದು ನೋಡಿದರೆ ಸಾಕು. ಮಾತಾಡೋ ಕಲ್ಲಿನ ಮೇಲೆ ಯಾರೂ ಕೂಡುವುದಿಲ್ಲ. ನನ್ನ ಆ ಸುಳ್ಳು ಸಾಲಿನ ಮೇಲೆ ಗೆರೆ ಎಳೆಯಬೇಕು ಅಂತ ಕಳೆದ ವರ್ಷ ಮೇಲೆ ಹೋಗಿ ಹಳೇ ಲಾಗ್ ಬುಕ್ಕು ಕೇಳಿದೆ. ಹೊಸ ಅಧಿಕಾರಿ ಒಳ್ಳೆಯ ಹುಡುಗ, ಕೋಣೆ ಕೋಣೆ ಹುಡುಕಿಸಿದ. ಗೆದ್ದಲು ಹಿಡಿದವೆಂದು ಆ ಕಾಲದ ಪುಸ್ತಕಗಳನ್ನೆಲ್ಲ ಸುಟ್ಟಿದ್ದರಂತೆ. ಅಳಿಸಬಾರದು, ಹರಿಯಬಾರದು ಅಂತ ಕಾಪಾಡಿದ ಪುಸ್ತಕ ಹೀಗೆ ಹೋಯಿತು. ಒಂದು ಗಳಿಗೆ ಹಗುರವಾಯಿತು ಅಂತ ಹೇಳಿದರೆ ನಂಬಿ. ಇನ್ನು ಯಾರಿಗೂ ಗೊತ್ತಾಗುವುದಿಲ್ಲ. ಗೇಟು ದಾಟುವಷ್ಟರಲ್ಲಿ ಮತ್ತೆ ಭಾರವಾಯಿತು.

ಸುನಂದಾಗೆ ಫೋನು ಮಾಡಿ ಎಲ್ಲ ಹೇಳಿದೆ. ಅವಳು ಕೊನೆಯವರೆಗೆ ಕೇಳಿಸಿಕೊಂಡಳು. ಆಮೇಲೆ ಒಂದೇ ಕೇಳಿದಳು.

"ಸರ, ಆ ಗೀರಿನಾಗ ಅದು ಜೋರಿತ್ತೋ, ಮಂಕಿತ್ತೋ?"

"ನೋಡಲಿಲ್ಲವ್ವಾ. ಆ ಚುಕ್ಕಿ ಹುಡುಕೋಕಿಂತ ಮೊದಲೇ ಒತ್ತಿದೆ."

"ಹೂಂ," ಅಂದಳು. ಮತ್ತೆ, "ಮರೆಪ್ಪಣ್ಣಗ ಹೇಳೀರೇನು?"

"ಇಲ್ಲ."

"ಮೊದಲ ಅಲ್ಲಿಗೆ ಹೋಗಬೇಕಿತ್ರಿ ನೀವು," ಅಂದು ಇಟ್ಟಳು.

ಹೋದೆ. ಗುಡ್ಡ ಬಿಟ್ಟ ಮೇಲೆ ಮರೆಪ್ಪ ಶಹಾಪುರದ ಹತ್ತಿ ಜಿನ್ನಿನಲ್ಲಿ ವರ್ಷಗಟ್ಟಲೆ ಹಮಾಲಿ ಮಾಡಿದ. ಆ ಯಂತ್ರಗಳ ಗದ್ದಲಕ್ಕೆ ಒಂದು ಕಿವಿ ಮಂದವಾಗಿದೆ. ಹನ್ನೆರಡು ಗಾಲಿಯ ದನಿ ಬೇರೆ ಬೇರೆ ಗುರುತಿಸಿದ ಕಿವಿ. ದೇವಾಪುರದ ಅವನ ಮನೆಯ ಕಟ್ಟೆಯ ಮೇಲೆ, ಕೇಳುವ ಕಿವಿಯ ಕಡೆ ಸರಿದು ಕೂತೆ.

"ಅಣ್ಣಾ, ಅವತ್ತು ಗುಮ್ಮಟ ಜಾಮ್ ಆಗಿರಲಿಲ್ಲ."

"ನನಗ ಹೇಳ್ತೀಯೇನು ತಮ್ಮಾ?" ಅಂದ ಮರೆಪ್ಪ. "ಎಳದಾಂವ ನಾನು."

"ನಾ ಆಕಿಗಿ ಹೇಳಿದ್ದು ಕೇಳ್ಸಿತ್ತೇನು?"

"ಮ್ಯಾಲೇ ಇದ್ದೆನಲ್ಲ. ಆಗ ಎರಡೂ ಕಿವಿ ಚಲೋ ಇದ್ವು."

"ಮತ್ತ ಯಾಕ ಸುಮ್ಕಿದ್ದಿ? ಸಾಹೇಬ್ರ ಮುಂದ ಒಂದು ಮಾತು ಹೇಳಬೇಕಿತ್ತಿಲ್ಲೋ!"

ಅವನು ಬಾಯಲ್ಲಿದ್ದ ಎಲೆ ಉಗುಳಿ ಬಂದು ಕೂತ.

"ಹೇಳಿದ್ರ ಏನಾಕ್ಕಿತ್ತು? ಓಣ್ಯಾಗ ಒಬ್ಬಾಂವ ಕಲ್ತು ಮ್ಯಾಲ ಹೋಗ್ಯಾನ. ನಾ ಬಾಯಿ ಬಿಟ್ರ ಮಂದಿ ದೇವಿಂದ್ರಪ್ಪ ಸುಳ್ಳು ಬರದ ಅಂತಿದ್ದಿಲ್ಲ. ಈ ಓಣಿ ಮಂದಿಗಿ ನೌಕರಿ ಕೊಟ್ರ ಹಿಂಗೇ ಅಂತಿದ್ರು. ನಿನ್ನ ಹಿಂದ ಬರೋ ಹುಡುಗೂರಿಗಿ ಬಾಗಿಲಾ ಮುಚ್ಚಿದಂಗ ಆಗ್ತಿತ್ತು. ಹಮಾಲಿ ನನಗೇನು ಹೊಸದಲ್ಲ."

ನನ್ನ ಡಿಗ್ರಿಯನ್ನು ನಾನೊಬ್ಬನೇ ಹೊತ್ತಿದ್ದೇನೆ ಅಂತ ಅಷ್ಟು ವರ್ಷ ತಿಳಿದಿದ್ದೆ. ಅವನೇ ಕೇಳಿದ:

"ಆ ಪುಸ್ತಕದಾಗ ಏನಂತ ಬರದಿದ್ದಿ?"

ಇಂಗ್ಲಿಷಿನಲ್ಲಿ ಬರೆದದ್ದನ್ನು ಕನ್ನಡದಲ್ಲಿ ಹೇಳಿದೆ. ಪುಸ್ತಕ ಸುಟ್ಟದ್ದನ್ನೂ ಹೇಳಿದೆ.

"ಸುಟ್ರ ಸುಡ್ಲಿ. ಮತ್ತೊಮ್ಮಿ ಬರಿ. ಈ ಸಲ ನನಗ ಓದಾಕ ಬರೋಹಂಗ ಬರಿ."

ಅದಕ್ಕೇ ಇದನ್ನು ಬರೆದೆ. ಲಾಗ್ ಬುಕ್ಕಿನ ಪದ್ಧತಿಯಂತೆ ತಿದ್ದುಪಡಿಯನ್ನು ಒಂದು ಹಾಳೆಯ ಮೇಲೆ ದೊಡ್ಡ ಅಕ್ಷರದಲ್ಲಿ ಬರೆದು, ಹೋದ ರವಿವಾರ ಅವನ ಕೈಗೆ ಕೊಟ್ಟೆ: 'ಗುಮ್ಮಟ ಜಾಮ್ ಆಗಿರಲಿಲ್ಲ. ಮೊದಲ ಚಿತ್ರ ತೆಗೆದಿದ್ದೆ, ನಾನೇ ಅಳಿಸಿದೆ. ದೇವಿಂದ್ರಪ್ಪ.' ಸಹಿಯ ಹಿಂದೆ ಏನೂ ಸೇರಿಸಲಿಲ್ಲ.

ಅವನು ಒಂದೊಂದು ಅಕ್ಷರದ ಕೆಳಗೆ ಬೆರಳಿಟ್ಟು ನಿಧಾನ ಓದಿದ. ಸಹಿಯ ಹತ್ತಿರ ಬೆರಳು ನಿಂತಿತು.

"ಬಿ.ಎಸ್ಸಿ. ಎಲ್ಲಿ ಹೋತು?"

"ಬ್ಯಾಡ ಅನಸ್ತು."

"ಹಾಕು. ಅದು ನಿನ್ನದೊಂದೇ ಅಲ್ಲ," ಅಂದ. ಮತ್ತೊಮ್ಮೆ ಮೇಲಿನಿಂದ ಓದಿದ. ಮುಖ ಸಪ್ಪಗೆ ಮಾಡಿದ. "ಇಷ್ಟೇ ಏನು?"

"ಇನ್ನೇನಣ್ಣಾ?"

"ಎಣ್ಣಿ ಹಾಕಿದ್ದು ಬರದೇ ಇಲ್ಲಲ್ಲೋ. ಅವತ್ತು ಸಂಜಿ ಐದಕ್ಕ ಹನ್ನೆರಡೂ ಗಾಲಿಗಿ ಎಣ್ಣಿ ಹಾಕಿದ್ದೆ ನಾನು. ಅದನ್ನ ಮೊದಲ ಬರಿ."

ಜೇಬಿನಿಂದ ಪೆನ್ನು ತೆಗೆದು, ಎಲ್ಲಕ್ಕಿಂತ ಮೇಲೆ ಬರೆದೆ.